ಜಾಲಹಳ್ಳಿ ದಾರಿಯ ಹುಣಸೆ ಮರ

ಒಂದು ಫೋನ್ ಮಾಡಬೇಕಿತ್ತು, ಮಾಡಲಿಲ್ಲ. ಮೂರು ವರ್ಷದ ಹಿಂದೆ ನಾನು ದೇವದುರ್ಗ ತಾಲ್ಲೂಕಿನಲ್ಲಿ ವಿದ್ಯುತ್ ತಂತಿಗೆ ತಾಗುವ ಟೊಂಗೆ ಕಡಿಯುವ ಗ್ಯಾಂಗಿನಲ್ಲಿದ್ದೆ. ಈಗಲೂ ಅದೇ ಕೆಲಸ. ಓದಿದ್ದು ಏಳನೇ ತರಗತಿ. ಮರ ಏರುವುದರಲ್ಲಿ ಮಾತ್ರ ಗ್ಯಾಂಗಿನಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ.

ತಂಗಿ ಶಾಂತಾ ರಾಯಚೂರಿನಲ್ಲಿ ಸಸ್ಯಶಾಸ್ತ್ರ ಓದಿ ಮಾನ್ವಿಯಲ್ಲಿ ಹೈಸ್ಕೂಲ್ ಟೀಚರ್ ಆಗಿದ್ದಾಳೆ. ರಜೆ ಬಂದರೆ ನೋಟ್‌ಬುಕ್ ಹಿಡಿದು ಕಾಡು ಆರ್ಕಿಡ್ ಹುಡುಕುತ್ತಾಳೆ. ಜಾಲಹಳ್ಳಿ ದಾರಿಯ ಒಂದು ಹುಣಸೆ ಮರದಲ್ಲಿ ವಂಡಾ ಎಂಬ ಆರ್ಕಿಡ್‌ನ ಹನ್ನೊಂದು ಗಿಡಗಳನ್ನು ನನಗೆ ತೋರಿಸಿದಳು. ನಮ್ಮ ಕಡೆ ಇದನ್ನೂ ಬದನಿಕೆ ಎಂದೇ ತಿಳಿದು ಕಿತ್ತೆಸೆಯುತ್ತಾರೆ. ಬದನಿಕೆ ಮರದೊಳಗೆ ಬೇರಿಳಿಸಿ ರಸ ಹೀರುತ್ತದೆ.

“ಅಣ್ಣಾ, ಇದು ತೊಗಟಿ ಹಿಡ್ಕೊಂಡು ಕುಂತದ ಅಷ್ಟ. ಮರದ್ದು ಏನೂ ತಿನ್ನಂಗಿಲ್ಲ,” ಎಂದು ಬಾಟಲಿ ನೀರನ್ನು ಬಿಳಿ ಬೇರಿನ ಮೇಲೆ ಸುರಿದಳು. ಬೇರು ಕಣ್ಣೆದುರೇ ಹಸಿರಾಯಿತು. ಬದನಿಕೆಯಲ್ಲಿ ಹೀಗಾಗುವುದಿಲ್ಲ.

“ಈ ಸಾರಿ ಕಾಯಿ ಕಟ್ಟ್ಯಾವ. ಒಡದು ಬೀಜ ಹಾರೋತನಕ ಉಳೀಬೇಕು. ಟೊಂಗಿ ಕಡಿಯೋದು ಬಂದ್ರ ಮೊದಲ ನನಗೊಂದು ಫೋನ್ ಮಾಡು.”

ತಿಂಗಳೊಳಗೆ ನಮ್ಮ ಗ್ಯಾಂಗ್ ಅದೇ ಮರದ ಕೆಳಗೆ ನಿಂತಿತು. ಲೈನ್ ಬಂದ್ ಇದ್ದದ್ದು ಮಧ್ಯಾಹ್ನ ಹನ್ನೆರಡರ ತನಕ. ನಮ್ಮಲ್ಲೊಂದು ರೂಢಿ: ಮರ ಏರಿದವನು ಬದನಿಕೆಯನ್ನೂ ಕೆಡವಿಯೇ ಇಳಿಯಬೇಕು, ಹೊಲದವರು ಖುಷಿಯಾಗಿ ಚಹಾ ಕೊಡುತ್ತಾರೆ. ನಾನು ಏರದೆ ಫೋನ್ ತೆಗೆದೆ. ಮೇಸ್ತ್ರಿ ರಾಜಾಸಾಬ್ ನಕ್ಕ.

“ಯಾಕಲೇ ಹನುಮಾ, ಮರ ಏರಾಕ ತಂಗಿ ಪರವಾನಗಿ ಬೇಕೇನ?”

ಎಲ್ಲರೂ ನಕ್ಕರು. ಫೋನನ್ನು ಕಿಸೆಗೆ ಹಾಕಿ ಏರಿದೆ. ಬದನಿಕೆಯಲ್ಲ ಎಂದು ಗೊತ್ತಿದ್ದೂ ಆ ಹನ್ನೊಂದು ಗಿಡಗಳನ್ನು ಟೊಂಗೆ ಸಮೇತ ಕಡಿದೆ. ಟೊಂಗೆಗಳನ್ನು ದಾರಿ ಬದಿಗೆ ಎಳೆದು ರಾಶಿ ಹಾಕಿದ ಟ್ರ್ಯಾಕ್ಟರ್‌ನ ಗಾಲಿಗೆ ಕಾಯಿಗಳು ಸಿಕ್ಕವು.

ಭಾನುವಾರ ಶಾಂತಾ ಬಂದು ಬೋಳು ಮರ ನೋಡಿದಳು. “ಗಾಳಿಗೆ ಮುರದು ಬಿತ್ತವ್ವ. ಉಳಿದ ತುದಿ ನಾವು ಕೊಯ್ದ್ವಿ,” ಎಂದೆ. ಅಣ್ಣನ ಮಾತು ನಂಬಿದಳು. ನೋಟ್‌ಬುಕ್ಕಿನಲ್ಲಿ ‘ಗಾಳಿ’ ಎಂದು ಬರೆದುಕೊಂಡಳು.

ಅವಳು ಹೋದ ಮೇಲೆ ಕಡಿದ ಟೊಂಗೆಗಳ ರಾಶಿಯಲ್ಲಿ ಹುಡುಕಿದೆ, ಜೀವವಿದ್ದ ನಾಲ್ಕು ಗಿಡ ಸಿಕ್ಕವು. ಬೇರು ತೊಗಟೆಗೆ ಒತ್ತಿಕೊಳ್ಳುವಂತೆ ಗೋಣಿಪಟ್ಟಿಯಿಂದ ನಮ್ಮೂರು ಕುರ್ಡಿಯ ಮನೆಯ ಬೇವಿನ ಮರಕ್ಕೆ ಕಟ್ಟಿದೆ. ಎರಡು ಒಣಗಿದವು. ಉಳಿದೆರಡಕ್ಕೆ ಬೇಸಿಗೆಯಲ್ಲಿ ದಿನಾ ಬೆಳಿಗ್ಗೆ ನೀರು ಚಿಮುಕಿಸಿದೆ.

ಆ ಹುಣಸೆ ಕಡಿದ ಮುಂದಿನ ವಾರದಿಂದಲೇ ಕೆಲಸಕ್ಕೆ ಹೋದಾಗ ನೀರಿನ ಬಾಟಲಿ ಸೊಂಟಕ್ಕೆ ಕಟ್ಟಿಕೊಂಡೇ ಏರತೊಡಗಿದೆ. ಬೇರು ಹಸಿರಾದರೆ ಗರಗಸ ಮುಟ್ಟುತ್ತಿರಲಿಲ್ಲ. ತಂತಿಗೆ ತಾಗುವ ಟೊಂಗೆಯಾದರೆ ಗಿಡ ಬಿಡಿಸಿ ಅದೇ ಮರದ ಕಾಂಡಕ್ಕೆ ಕಟ್ಟುತ್ತಿದ್ದೆ. ಹೊತ್ತಾಗುತ್ತದೆಂದು ರಾಜಾಸಾಬ್ ರೇಗಿದ.

“ಹಂಗಾದ್ರ ಬ್ಯಾರೆಯವರನ್ನ ಏರಿಸ್ರಿ,” ಎಂದೆ.

ಏರುವವರು ಯಾರೂ ಮುಂದೆ ಬರಲಿಲ್ಲ. ಈಗ ಅವನೇ ಕೆಳಗಿನಿಂದ ಕೂಗುತ್ತಾನೆ: “ನೀರು ಹಾಕಿ ನೋಡಿದ್ಯೇನಲೇ?” ಒಂದು ಗುಟುಕು ನೀರು, ಅರ್ಧ ನಿಮಿಷ ತಾಳ್ಮೆ. ಕಡಿಯುವ ಮೊದಲು ಇಷ್ಟು ಸಾಕು ಎಂದು ಈ ಕೆಲಸ ಕಲಿಸಿತು. ತಂಗಿಗೆ ಮಾತ್ರ ಇನ್ನೂ ನಿಜ ಹೇಳಿರಲಿಲ್ಲ.

ಈ ಬೇಸಿಗೆಯಲ್ಲಿ ಬೇವಿನ ಮೇಲಿನ ಒಂದು ಗಿಡ ಹೂಬಿಟ್ಟಿತು. ಕಂದು ಗೆರೆಯ ಹಳದಿ ಎಸಳು, ನಡುವೆ ನೀಲಿ ನಾಲಿಗೆ. ಈ ಸಲ ಫೋನ್ ಮಾಡಿ, ಆ ಹುಣಸೆ ಮರದ ಗಿಡ ನಮ್ಮ ಬೇವಿನಲ್ಲಿ ಹೂಬಿಟ್ಟಿದೆ ಎಂದೆ. ಶಾಂತಾ ಮಾನ್ವಿಯಿಂದ ಮೊದಲ ಬಸ್ಸಿಗೇ ಬಂದಳು. ಹೂ ನೋಡಿ, ಹಳೆಯ ನೋಟ್‌ಬುಕ್ ತೆರೆದು, “ಗಾಳಿಗೆ ಬಿದ್ದ ಗಿಡ, ಅಣ್ಣ ಉಳಿಸಿದ್ದು ಅಂತ ಬರೀತೀನಿ,” ಎಂದಳು.

ಪೆನ್ನು ಹಿಡಿದ ಆಕೆಯ ಕೈಯನ್ನು ತಡೆದೆ.

“ಗಾಳಿ ಅಂತ ಬರೀಬ್ಯಾಡ. ನಾನ ಕಡದೀನಿ. ಮಂದಿ ನಗ್ತಾರಂತ ನಿನಗ ಫೋನ್ ಮಾಡಲಿಲ್ಲ, ಮ್ಯಾಲೆ ಸುಳ್ಳೂ ಹೇಳಿದೆ. ತಪ್ಪಾತವ್ವ, ತಂಗಿ.”