ಓಪಲ್‌ಳ ಎಡಗೈ ಗಂಟು

ಹಾಲಿವುಡ್ಡಿನ ಸ್ಟುಡಿಯೋವೊಂದರ ಹೊಲಿಗೆ ಕೋಣೆಯಲ್ಲಿ ಮರ್ಟಲ್ ಹ್ಯಾಸ್ಕಿನ್ ಹದಿಮೂರು ವರ್ಷದಿಂದ ಸೂಜಿ ಹಿಡಿದಿದ್ದಳು. ಅಷ್ಟೂ ವರ್ಷ ಅವಳ ಪಕ್ಕದ ಕುರ್ಚಿಯಲ್ಲಿ ಕೂತವಳು ಓಪಲ್ ಡಿಂಗ್‌ಮನ್. ಇಬ್ಬರೂ ನೆಬ್ರಾಸ್ಕಾದ ಒಂದೇ ಬೀದಿಯವರು, ಒಂದೇ ಬಸ್ಸಿನಲ್ಲಿ ಬಂದವರು. ಆರನೇ ವಯಸ್ಸಿನಿಂದ ಜೀವದ ಗೆಳತಿಯರು. ಜಿದ್ದಿಗೂ ಅಷ್ಟೇ ವಯಸ್ಸು. ಒಬ್ಬಳು ಕೂದಲು ಕತ್ತರಿಸಿಕೊಂಡರೆ ಇನ್ನೊಬ್ಬಳದು ಮರುದಿನ ಅದಕ್ಕಿಂತ ಗಿಡ್ಡವಾಗಿರಬೇಕು.

1942ರಲ್ಲಿ ಮೇಲ್ವಿಚಾರಕಿಯ ಜಾಗ ಖಾಲಿಯಾಯಿತು. ಅದು ತನಗೇ ಎಂದು ಮರ್ಟಲ್ ನಂಬಿದ್ದಳು. ಸಿಕ್ಕಿದ್ದು ಓಪಲ್‌ಗೆ. "ಸಂತೋಷ, ಮಿಸ್ ಡಿಂಗ್‌ಮನ್" ಎಂದಳು ಮರ್ಟಲ್. ಆಮೇಲೆ ಮಾತಿಲ್ಲ. ಊಟದ ಹೊತ್ತಿಗೆ ಬೇರೆ ಬೆಂಚು ಹಿಡಿದಳು.

ಮರುವರ್ಷ ಒಂದು ಚಿತ್ರ ಶುರುವಾಯಿತು. ಜೀವನವಿಡೀ ಪೈಪೋಟಿ ಮಾಡುವ ಇಬ್ಬರು ಗೆಳತಿಯರ ಕಥೆ. "ಇದಕ್ಕೆ ನಟಿಯರು ಯಾಕ್ರೀ ಬೇಕು? ನಮ್ಮ ಕೋಣೇಲೇ ಇದ್ದಾರಲ್ಲ!" ಎಂದಳು ಇಸ್ತ್ರಿ ಮಾಡುವ ಎಲೋಯಿಸಾ. ಎಲ್ಲರೂ ನಕ್ಕರು, ಇಬ್ಬರ ಹೊರತು.

ನಾಯಕಿಯ ಕಪ್ಪು ಗೌನಿಗೆ ಕಪ್ಪು ಮಣಿ ಹೊಲಿಯುವ ಕೆಲಸ ಮರ್ಟಲ್ ಪಾಲಿಗೆ ಬಂತು. ಅವಳಿಗೋ ಚಾಳೀಸು ಬಂದು, ಹತ್ತಿರದ್ದೆಲ್ಲ ಮಸುಕಾಗಿ ಆರು ತಿಂಗಳಾಗಿತ್ತು. ಕನ್ನಡಕ ಹಾಕಿದರೆ ಓಪಲ್ ಎದುರು ಸೋತಂತೆ ಎಂದುಕೊಂಡು ಅಂದಾಜಿನ ಮೇಲೆ ಸೂಜಿ ಓಡಿಸುತ್ತಿದ್ದಳು. ಸಂಜೆ ಬೆರಳಾಡಿಸಿದರೆ ಸಾಲು ಸೊಟ್ಟ. ಬೆಳಿಗ್ಗೆ ಬಂದರೆ ಮಾತ್ರ ನೆಟ್ಟಗಿರುತ್ತಿತ್ತು. ಸಂಜೆ ಬೆರಳು ದಣಿದು ತಪ್ಪು ಹೇಳಿರಬೇಕು, ನನ್ನ ಕೈ ಇನ್ನೂ ಚೆನ್ನಾಗಿಯೇ ಇದೆ ಎಂದು ಮೂರು ದಿನ ಬೀಗಿದಳು. ನಾಲ್ಕನೆಯ ದಿನ ಗೌನನ್ನು ಒಳಮೈ ಹೊರಗಾಗುವಂತೆ ತಿರುವಿ ತೋಳುದ್ದ ದೂರದಲ್ಲಿ ಬೆಳಕಿಗೆ ಹಿಡಿದಾಗ ಗಂಟುಗಳೆಲ್ಲ ಎಡಕ್ಕೆ ತಿರುಗಿದ್ದವು. ಆ ಕೋಣೆಯಲ್ಲಿ ಎಡಗೈಯಲ್ಲಿ ಹೊಲಿಯುವವಳು ಒಬ್ಬಳೇ.

ಗೌನು ಹಿಡಿದುಕೊಂಡೇ ಓಪಲ್‌ಳ ಮೇಜಿನ ಮುಂದೆ ಹೋಗಿ ನಿಂತಳು.

"ಯಾರೇ ಹೇಳಿದ್ರು ನಿಂಗೆ, ಇದನ್ನ ಮುಟ್ಟು ಅಂತ?"

ಓಪಲ್ ಕಾಫಿ ಲೋಟ ಕೆಳಗಿಟ್ಟಳು. "ಅಬ್ಬಾ, ವರ್ಷದ ಮೇಲೆ ಬಾಯಿ ಬಿಟ್ಟೆಯಲ್ಲೇ ಮಹಾರಾಯ್ತಿ!"

"ಮಾತು ತೇಲಿಸ್ಬೇಡ."

"ನಿನ್ನ ಮಣಿ ಸಾಲು ಕುಡುಕನ ನಡಿಗೆ ಥರ ಇತ್ತು ಕಣೇ. ಮೇಲಿನವರು ನೋಡಿದ್ರೆ ಅವತ್ತೇ ನಿನ್ನ ಮನೆಗೆ ಕಳಿಸ್ತಿದ್ರು. ಆಮೇಲೆ ನಾನು ಯಾರ ಜೊತೆ ಜಗಳ ಆಡ್ಲಿ?"

ಮರ್ಟಲ್‌ಗೆ ನಗು ಬಂತು, ಅದರ ಬೆನ್ನಿಗೇ ಅಳು. "ಕಣ್ಣು ಕಾಣಲ್ಲ ಕಣೇ ಓಪಲ್."

"ಗೊತ್ತು. ಕ್ರಿಸ್‌ಮಸ್‌ನಲ್ಲಿ ಸಕ್ಕರೆ ಅಂತ ಕಾಫಿಗೆ ಉಪ್ಪು ಹಾಕ್ಕೊಂಡು ಜಂಬಕ್ಕೆ ಪೂರ್ತಿ ಕುಡಿದೆಯಲ್ಲ, ಆಗ್ಲೇ ಗೊತ್ತಾಯ್ತು."

"ಹೇಳೋಕೇನಾಗಿತ್ತು ನಿಂಗೆ?"

"ಆ ಬೆಂಚಿಗೆ ಬಂದು ಹೇಳ್ಬೇಕಿತ್ತಾ? ನನಗೂ ಜಂಬ ಇದೆಯಮ್ಮ."

ಆ ಶನಿವಾರ ಓಪಲ್ ಅವಳನ್ನು ಎಳೆದುಕೊಂಡು ಹೋಗಿ ಕನ್ನಡಕ ಕೊಡಿಸಿದಳು. ಅಂಗಡಿಯ ಬಾಗಿಲಲ್ಲಿ ಮರ್ಟಲ್ ಗೆಳತಿಯ ಮುಖ ನೋಡಿ, "ಅಯ್ಯೋ, ನಿಂಗಿಷ್ಟು ಸುಕ್ಕು ಬಂದಿದ್ಯೇನೇ!" ಎಂದಳು. "ಕನ್ನಡಿ ನೋಡ್ಕೋ, ಹೋಗು" ಎಂದಳು ಓಪಲ್.

ಸೋಮವಾರದಿಂದ ಊಟಕ್ಕೆ ಒಂದೇ ಬೆಂಚು. ಜಿದ್ದು ನಿಲ್ಲಲಿಲ್ಲ, ಮುಂದಿನ ಹದಿನೈದು ವರ್ಷ ತೋಳಿನ ಆಕಾರಕ್ಕೆ, ಲೇಸಿನ ಅಗಲಕ್ಕೆ ದಿನಾ ಕಿತ್ತಾಡಿದರು. ಓಪಲ್ ನಿವೃತ್ತಳಾದ ದಿನ ಹುಡುಗಿಯರು ಮರ್ಟಲ್‌ಳನ್ನು ಎಬ್ಬಿಸಿ ನಿಲ್ಲಿಸಿದರು. ಅವಳಿಗೆ ಭಾಷಣ ಬರುತ್ತಿರಲಿಲ್ಲ.

"ಇವಳು ಇಲ್ದೇ ಇದ್ದಿದ್ರೆ ನಾನು ಸಾಧಾರಣ ಹೊಲಿಗೇಲೇ ತೃಪ್ತಿ ಪಟ್ಕೊಂಡು ಬಿಡ್ತಿದ್ದೆ" ಎಂದಳು. "ನನ್ನ ಕೈಯಲ್ಲಿ ಏನಾದ್ರೂ ಒಳ್ಳೇದಿದ್ರೆ, ಅದು ಇವಳನ್ನ ಸೋಲಿಸೋಕೆ ಹೋಗಿ ಬಂದದ್ದು. ನನ್ನ ಕೆಲಸ ಉಳಿದಿದ್ದೂ ಇವಳಿಂದಲೇ. ನಿನ್ನ ಋಣ ದೊಡ್ಡದು ಕಣೇ."

ಓಪಲ್ ಕರವಸ್ತ್ರದಿಂದ ಮೂಗು ಒರೆಸಿಕೊಂಡಳು. "ಜೋರಾಗಿ ಹೇಳೇ, ಹಿಂದಿನವ್ರಿಗೆ ಕೇಳಿಸ್ಲಿಲ್ಲ."

ಮರ್ಟಲ್ ಇನ್ನೊಮ್ಮೆ, ಗಂಟಲೆತ್ತಿ ಹೇಳಿದಳು.