ಚೀಟಿ ಎತ್ತಿ ವಿರೋಧಿಯಾದ ಶಿವಲೀಲಾ

ಗೆಳೆಯರೇ, ಇವತ್ತು ನಮ್ಮ ಆಳಂದದ ಕಾಲೇಜಿನ ಚರ್ಚಾಸ್ಪರ್ಧೆಯ ವಿಷಯ, ವಿದ್ಯಾರ್ಥಿಗಳಿಗೆ ವಾಕ್ ಸ್ವಾತಂತ್ರ್ಯ ಬೇಕೋ ಬೇಡವೋ. ಯಾರು ಯಾವ ಕಡೆ ಮಾತಾಡಬೇಕೆಂದು ಎಂದಿನಂತೆ ಚೀಟಿ ಎತ್ತಿಸಿದರು. ಇಜೇರಿಯ ಶಿವಲೀಲಾಳ ಕೈಗೆ ‘ಬೇಡ’ ಬಂತು.

ಅವಳು ಬಾಯಿ ತೆರೆಯುತ್ತಿದ್ದಂತೆ, ಆಗಷ್ಟೇ ಸ್ವಾತಂತ್ರ್ಯದ ಪರ ಗುಡುಗಿ ಬಂದಿದ್ದ ಮಲ್ಲಿನಾಥ ಬೆಂಚು ಗುದ್ದತೊಡಗಿದ. “ಬಾಯಿ ಮುಚ್ಚಬೇ! ಕೆಳಗ ಇಳಿ!” ಅವನ ಗೆಳೆಯರು ಸಿಳ್ಳೆ ಹೊಡೆದರು.

“ಚೀಟ್ಯಾಗ ಬಂದದ್ದು ಮಾತಾಡಾಕತ್ತೇನ್ರಿ, ಸ್ವಲ್ಪ ಕೇಳ್ರಿ” ಎಂದಳು. ಯಾರು ಕೇಳಬೇಕು? ಅಳುತ್ತ ಇಳಿದಳು. ತೀರ್ಪುಗಾರರು ಮಲ್ಲಿನಾಥನಿಗೆ ಮೊದಲ ಬಹುಮಾನ ಕೊಟ್ಟರು!

ನನಗೆ ಸಿಟ್ಟು ನೆತ್ತಿಗೇರಿತು. ಹೊರಗೆ ಅವನನ್ನು ಹಿಡಿದು ಕೇಳಿದೆ: “ಆಕಿಗಿ ಮಾತಾಡಾಕ ಯಾಕ ಬಿಡಲಿಲ್ಲಲೇ?”

“ಸ್ವಾತಂತ್ರ್ಯ ಬ್ಯಾಡ ಅನ್ನೋರಿಗಿ ಎಂಥಾ ಮಾತು?” ಎಂದ, ಅಂಗಿಯ ತುದಿಯಿಂದ ಬಹುಮಾನದ ಕಪ್ ಒರೆಸುತ್ತ.

“ಆ ಚೀಟಿ ನಿನಗ ಬಂದಿದ್ರ?”

“ಆಗೂ ಫಸ್ಟ್ ನಾನೇ!”

ಇದನ್ನು ಈಗಲೇ ಬರೆದು ಕಾಲೇಜಿನ ಗೋಡೆಪತ್ರಿಕೆಗೆ ಅಂಟಿಸುತ್ತಿದ್ದೇನೆ. ನಾಳೆ ಬೆಳಿಗ್ಗೆ ಈ ಹಾಳೆಯನ್ನು ಹರಿದುಹಾಕಲು ಬರುವ ಸ್ವಾತಂತ್ರ್ಯಪ್ರೇಮಿಗಳಲ್ಲಿ ಒಂದೇ ವಿನಂತಿ: ಪೂರ್ತಿ ಓದಿ, ಆಮೇಲೆ ಹರಿಯಿರಿ.