ಗೇಟಿನಲ್ಲಿ ಹಂಚಿದ ಶೇಂಗಾ ಉಂಡಿ

ದೀಪಾವಳಿಗೆ ಆಫೀಸಿನವರಿಗೆಲ್ಲ ಅಂಗಡಿ ಸ್ವೀಟು ಕೊಡುವುದು ನನ್ನ ಸಂಬಳದಲ್ಲಿ ಆಗದ ಮಾತು. ಹೊಸಪೇಟೆಯ ಮನೆಯಲ್ಲೇ ಶೇಂಗಾ ಉಂಡಿ ಕಟ್ಟಿ, ಯಾರಾದರೂ ನಕ್ಕಾರೆಂಬ ಅಳುಕಿನಲ್ಲೇ ಸಂಡೂರಿನ ಗಣಿ ಆಫೀಸಿಗೆ ಒಯ್ದೆ. ಗೇಟಿನ ಕಾವಲುಗಾರ ಡಬ್ಬಿ ತಡೆದ.

“ಸೀಲ್ ಇಲ್ಲದ ತಿನಿಸು ಒಳಗ ಬಿಡಂಗಿಲ್ರಿ, ಮೇಡಂ.”

“ಹೊಟ್ಟ್ಯಾಗ ಹಾಕ್ಕೊಂಡು ಹೋದ್ರ ನಡೀತದೇನ್ರಿ, ಅಣ್ಣ?”

ಅವನು ತುಸು ಯೋಚಿಸಿದ. “ಅದಕ್ಕ ರೂಲ್ ಇಲ್ರಿ.”

ಮೊದಲ ಉಂಡಿ ಅವನಿಗೇ ಕೊಟ್ಟು, ಎಲ್ಲರಿಗೂ ಫೋನ್ ಮಾಡಿ ಗೇಟಿಗೇ ಕರೆದೆ. ಬಂದವರು ನಿಂತಲ್ಲೇ ತಿಂದರು. ಕಡೆಗೆ ಬಂದ ಮ್ಯಾನೇಜರು, “ಭಾಳ ಮಸ್ತ್ ಆಗ್ಯಾವ್ರಿ” ಎಂದು ಇನ್ನೊಂದಕ್ಕೆ ಕೈಚಾಚಿದರು. ಉಂಡಿಯೆಲ್ಲ ಅಲ್ಲೇ ಖಾಲಿ. ನಾನು ತಲೆಯೆತ್ತಿ ಒಳಗೆ ನಡೆದೆ.

ಸಂಜೆ ಬಸ್ಸಿನಲ್ಲಿ ಇಬ್ಬರು ಗೆಳತಿಯರು ಬೆಲ್ಲದ ಪಾಕದ ಹದ ಕೇಳಿದರು. ನಾನು ಹೇಳಲಿಲ್ಲ. ಬರುವ ವರ್ಷವೂ ಹಬ್ಬ ಬರುತ್ತದೆ, ನನ್ನ ಸಂಬಳವೂ ಇಷ್ಟೇ ಇರುತ್ತದೆ.